ಹೂರ್ನೆ ಬೆಟ್ಟದ ಗದ್ದಲ

ಓಡ್ವಾರ್ ತನ್ನ ಹೆಂಡತಿಯನ್ನು ಹಡಗು ಹತ್ತಿಸುವಾಗ ಹೇಳಿದ ಮಾತು ಹೆಲ್ವಿಕ್ ಊರಿಗೆಲ್ಲ ಕೇಳಿಸಿತ್ತು. ಫೆರಿಯಲ್ಲಿ ಹಗ್ಗ ಕಟ್ಟುವುದು, ಟಿಕೆಟು ಹರಿಯುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಎಂಜಿನ್ನಿನ ಪಕ್ಕ ನಿಂತು ಅರ್ಧ ಕಿವಿ ಹೋಗಿದ್ದರಿಂದ ಗುಟ್ಟನ್ನೂ ಅವನು ಕೂಗಿಯೇ ಹೇಳುತ್ತಿದ್ದ.

"ಹೋಗು, ಹೋಗು! ನಂಗೇನಾಗತ್ತೆ? ಹಾಸಿಗೆ ಪೂರ್ತಿ ನಂದೇ ಆಯ್ತು!"

ಯೋರುನ್ ಕೈಬೀಸಿದಳು. ಇವನು ಎರಡೂ ಕೈ ಬೀಸಿದ. ಹಡಗು ಬಂಡೆಯಾಚೆ ಮರೆಯಾದ ಮೇಲೂ ಬೀಸುತ್ತಲೇ ಇದ್ದ.

ಅವಳು ಹೋದದ್ದು ದೇಶದ ಉತ್ತರದ ತುದಿಯೂ ಮುಗಿದು, ಅದರಾಚೆ ಸಮುದ್ರದ ನಡುವೆ ಇರುವ ಒಂದು ದ್ವೀಪಕ್ಕೆ. ಅಲ್ಲಿ ಹವಾಮಾನ ಅಳೆಯುವ ಒಂದು ಠಾಣೆ, ಹದಿನಾರು ಜನ, ಅವರ ಹತ್ತು ಪಟ್ಟು ಕರಡಿಗಳು. ನಮ್ಮೂರ ಶಾಲೆಯಲ್ಲಿ ಯೋರುನ್ ಹತ್ತೊಂಬತ್ತು ವರ್ಷ ಮಕ್ಕಳಿಗೆ ಅಡುಗೆ ಮಾಡಿ ಹಾಕಿದ್ದಳು. ಮಕ್ಕಳು ಮೂರಕ್ಕೆ ಇಳಿದಾಗ ಶಾಲೆ ಮುಚ್ಚಿತು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳು ಪತ್ರಿಕೆಯಲ್ಲಿ ಜಾಹೀರಾತು ನೋಡಿ, ಗಂಡನಿಗೆ ತೋರಿಸಿ, "ಹೋಗ್ಲಾ?" ಎಂದಳು. ಓಡ್ವಾರ್ ತಾನು ದೊಡ್ಡ ಮನಸ್ಸಿನವನೆಂದು ತೋರಿಸಿಕೊಳ್ಳಬೇಕಾಗಿತ್ತು. ಅದಕ್ಕೇ ಆ 'ಹೋಗು, ಹೋಗು.' ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ಕೆಲಸ.

ಅವನಿಗೇನಾಯಿತು ಎಂಬುದು ಊರಿನಲ್ಲಿ ಮೊದಲು ತಿಳಿದದ್ದು ನನಗೆ. ಊರಿಗೆ ಒಂದೇ ಅಂಗಡಿ, ಅದು ನನ್ನದು. ಟಪಾಲೂ ಅಲ್ಲಿಯೇ. ಹೆಂಡತಿ ಹೋದ ವಾರ ಓಡ್ವಾರ್ ಬಂದು ಒಂದು ಪೊಟ್ಟಣ ಚಹಾ ತೆಗೆದುಕೊಂಡ. ಅವನು ಹುಟ್ಟಿದಂದಿನಿಂದ ಕಾಫಿ ಬಿಟ್ಟು ಬೇರೆ ಮುಟ್ಟಿದವನಲ್ಲ.

"ಇದು ಯೋರುನ್ ಕುಡಿಯೋ ಚಹಾ ಅಲ್ವಾ?" ಎಂದೆ.

"ಕುಡಿಯಕ್ಕಲ್ಲ," ಎಂದು ಕೂಗಿದ. ಆಮೇಲೆ ಅವನ ಮಟ್ಟಿಗೆ ಪಿಸುಮಾತಿನಲ್ಲಿ, "ವಾಸನೆಗೆ," ಎಂದ. ಮೊಟ್ಟೆ ಕೊಳ್ಳಲು ಬಂದಿದ್ದ ಮೂವರೂ ಕತ್ತೆತ್ತಿ ನೋಡಿದರು.

ಆ ದ್ವೀಪದಿಂದ ಫೋನು ಬರುವುದು ಅಲ್ಲಿಯ ಗಾಳಿ ಒಪ್ಪಿದಾಗ ಮಾತ್ರ. ನವೆಂಬರಿನಲ್ಲಿ ಒಂದು ದಿನ ಒಪ್ಪಿತು. ಯೋರುನ್ ಅಂದಳಂತೆ: "ಇಲ್ಲಿ ಎಲ್ಲಾ ಚೆನ್ನಾಗಿದೆ. ಆದ್ರೆ ನಮ್ಮನೆ ಮೆಟ್ಟಿಲ ಮೇಲೆ ನಿಂತ್ರೆ ಕತ್ತಲಲ್ಲಿ ಹೂರ್ನೆ ಕಾಣತ್ತಲ್ಲ, ಅದನ್ನೊಂದು ಸಲ ನೋಡಬೇಕು ಅನ್ಸತ್ತೆ." ಹೂರ್ನೆ ಎಂದರೆ ನಮ್ಮ ಕೊಲ್ಲಿಯ ಆಚೆ ದಡದಲ್ಲಿ ಒಂಟಿಕೊಂಬಿನಂತೆ ಎದ್ದು ನಿಂತಿರುವ ಬೆಟ್ಟ.

"ಅಷ್ಟೇನಾ? ಫೋಟೋ ತೆಗೆದು ಕಳಿಸ್ತೀನಿ," ಎಂದ ಓಡ್ವಾರ್.

"ಕತ್ತಲಲ್ಲಾ? ನಿಂಗ್ ಬರತ್ತಾ?"

"ಬರತ್ತಾ ಅಂತ ಕೇಳ್ತೀಯಲ್ಲ! ಕ್ಯಾಮೆರಾ ವಿದ್ಯೆ ಎಲ್ಲಾ ನಂಗೊತ್ತು."

ಅವನಿಗೆ ಗೊತ್ತಿದ್ದ ವಿದ್ಯೆ ಹಗ್ಗದ ಗಂಟುಗಳದ್ದು. ಮರುದಿನ ಬೆಳಿಗ್ಗೆಯೇ ನನ್ನ ಅಂಗಡಿಯಿಂದ ಪಟ್ಟಣಕ್ಕೆ ಚೀಟಿ ಹೋಯಿತು. ವಾರದೊಳಗೆ ಒಂದು ಕ್ಯಾಮೆರಾ, ಒಂದು ಮೂರು ಕಾಲಿನ ಸ್ಟ್ಯಾಂಡು ಬಂದವು. ನಮ್ಮಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಎರಡೂವರೆಗೇ ಕತ್ತಲು, ಹಾಗಾಗಿ ಕಲಿಯಲು ಸಮಯಕ್ಕೇನೂ ಕೊರತೆಯಿರಲಿಲ್ಲ. ಕತ್ತಲಲ್ಲಿ ಚಿತ್ರ ತೆಗೆಯಬೇಕಾದರೆ ಕ್ಯಾಮೆರಾದ ಕಣ್ಣನ್ನು ಅರ್ಧ ನಿಮಿಷ ತೆರೆದಿಡಬೇಕು ಎಂಬಷ್ಟನ್ನು ಅವನು ಜೊತೆಗೆ ಬಂದ ಪುಸ್ತಕದಲ್ಲಿ ಓದಿದ. ಮುಂದಿನ ಪುಟ ಓದುವ ತಾಳ್ಮೆ ಇರಲಿಲ್ಲ. ಕ್ಯಾಮೆರಾದಲ್ಲಿ ಅಂಕಿಗಳಿರುವ ಒಂದು ಗುಂಡಿ ಇತ್ತು. ಅಂಕಿ ದೊಡ್ಡದಾದಷ್ಟೂ ಚಿತ್ರ ದೊಡ್ಡ ಯೋಗ್ಯತೆಯದು ಎಂದುಕೊಂಡು ಅದನ್ನು ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿದ. ಚಿತ್ರ ತೆಗೆದ. ಕಳಿಸಿದ.

ಎರಡು ದಿನದ ಮೇಲೆ ಯೋರುನ್ ಇ-ಮೇಲಿನಲ್ಲಿ ಉತ್ತರ ಬರೆದಳು: "ಬೆಟ್ಟ ಮಸುಕಾಗಿದೆ, ಅಲುಗಾಡಿದೆ. ಗದ್ದಲ ಅಂತೂ ವಿಪರೀತ. ಗದ್ದಲ ಕಡಿಮೆ ಮಾಡಿ ಇನ್ನೊಂದು ತೆಗಿ."

ಕತ್ತಲಿನ ಚಿತ್ರದ ಮೇಲೆ ಮರಳು ಎರಚಿದ ಹಾಗೆ ಕೆಂಪು ನೀಲಿ ಚುಕ್ಕೆಗಳು ಬೀಳುತ್ತವಲ್ಲ, ಅದಕ್ಕೆ ಆ ಕೆಲಸ ಬಲ್ಲವರು ಗದ್ದಲ ಎನ್ನುತ್ತಾರೆ. ಠಾಣೆಯ ಯಂತ್ರ ರಿಪೇರಿಯವನು ಹವ್ಯಾಸಕ್ಕೆ ಚಿತ್ರ ತೆಗೆಯುತ್ತಿದ್ದ, ಅವನ ಬಾಯಿಂದ ಯೋರುನ್ ಈ ಮಾತು ಕಲಿತಿದ್ದಳು. ನಮ್ಮೂರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ನಮಗೆ ಗದ್ದಲ ಎಂದರೆ ಗದ್ದಲ. ಎಲ್ಲ ಬಲ್ಲೆ ಎಂದಿದ್ದ ಓಡ್ವಾರ್ ತಿರುಗಿ ಕೇಳುವ ಹಾಗೂ ಇರಲಿಲ್ಲ.

ಅವನು ಒಂದು ರಾತ್ರಿಯಿಡೀ ಯೋಚಿಸಿ, ಬೆಳಿಗ್ಗೆ ಅಂಗಡಿಗೆ ಬಂದು ನನ್ನೆದುರು ತನ್ನ ಸಿದ್ಧಾಂತವನ್ನು ಮಂಡಿಸಿದ.

"ನೋಡು ಮಾಗ್ನಿ, ಬಾಗಿಲನ್ನ ಅರ್ಧ ನಿಮಿಷ ತೆಗೆದಿಟ್ರೆ ನೊಣ ಒಳಗ್ ಬರಲ್ವಾ? ಹಾಗೇ ಕ್ಯಾಮೆರಾ ಕಣ್ಣು ತೆಗೆದಿಟ್ರೆ ಸದ್ದು ಒಳಗ್ ಬರತ್ತೆ. ಬಂದು ಚಿತ್ರದ ಮೇಲೆ ಕೂರತ್ತೆ. ನಾನು ಗುಂಡಿ ಒತ್ತಿದಾಗ್ಲೇ ಬೋರ್ಗಿಲ್ ಅಜ್ಜಿ ನಾಯಿ ಬೊಗಳ್ತಿತ್ತು. ಇಲ್ನೋಡು, ಈ ಚುಕ್ಕೆ."

ಈಗ ನಾನು ನಗಬಹುದು. ಆವತ್ತು ನನಗೆ ಅದು ಬಹಳ ಸರಿ ಎನ್ನಿಸಿತು.

ಬೋರ್ಗಿಲ್ ಅಜ್ಜಿಗೆ ಎಂಬತ್ತೊಂದು ವರ್ಷ. ಅವಳ ನಾಯಿಯ ಹೆಸರು ಕ್ಯಾಪ್ಟನ್. ಓಡ್ವಾರ್ ಚಿತ್ರ ಹಿಡಿದು ಅವಳ ಬಾಗಿಲಿಗೆ ಹೋದ.

"ಅಜ್ಜಿ, ನಿಮ್ಮ ಕ್ಯಾಪ್ಟನ್ ನನ್ನ ಫೋಟೋ ಕೆಡಿಸಿದಾನೆ."

"ಅವನು ಮನೆ ಬಿಟ್ಟು ಆಚೆಗೇ ಹೋಗಿಲ್ಲ!"

"ದೇಹ ಹೋಗಿಲ್ಲ. ದನಿ ಬಂದಿದೆ. ಈ ಕೆಂಪು ಚುಕ್ಕೆಗಳು ನೋಡಿ."

ಅಜ್ಜಿ ಕನ್ನಡಕ ಹಾಕಿಕೊಂಡಳು, ಚಿತ್ರವನ್ನು ದೀಪದ ಹತ್ತಿರ ಹಿಡಿದಳು, ದೂರ ಹಿಡಿದಳು. ಅವಳ ಮುಖದಲ್ಲಿದ್ದ ಸಿಟ್ಟು ಮೆಲ್ಲಗೆ ಇಳಿದು ಹೆಮ್ಮೆಯಾಯಿತು.

"ಹೌದಲ್ಲೋ! ಇದು ಅವನದೇ. ಮೂರು ಸಲ ಚಿಕ್ಕದು, ಆಮೇಲೊಂದು ಉದ್ದದ್ದು. ಓಡ್ವಾರ್, ಇದರದೊಂದು ಪ್ರತಿ ನಂಗೂ ಮಾಡಿಸ್ಕೊಡಪ್ಪ. ಚೌಕಟ್ಟು ಹಾಕಿಸ್ತೀನಿ."

ಅಲ್ಲಿಂದ ಅವನು ಮೀನು ಕಾರ್ಖಾನೆಗೆ ಹೋದ. ಅದರ ಮಾಲೀಕ ಸ್ಟುರ್ಲಾ ಊರಿನಲ್ಲಿ ಎಲ್ಲರಿಗಿಂತ ಅಗಲವಾದ ಮನುಷ್ಯ. ಅವನ ತಂಪುಕೋಣೆಯ ಫ್ಯಾನು ಹಗಲಿರುಳು ಗುಂಯ್‌ಗುಟ್ಟುತ್ತಿತ್ತು.

"ಫ್ಯಾನ್ ನಿಲ್ಸಿದ್ರೆ ಮೀನು ನಾರತ್ತೆ ಕಣಯ್ಯ," ಎಂದ ಸ್ಟುರ್ಲಾ. "ನಿನ್ ಹೆಂಡ್ತಿಗೆ ಬೆಟ್ಟ ಕಾಣಲಿ ಅಂತ ನಾನು ನಾಲ್ಕು ಟನ್ ಮೀನು ಸಮುದ್ರಕ್ಕೆ ಚೆಲ್ಲಬೇಕಾ? ಮೊದ್ಲು ನಿನ್ ಹೆಂಡ್ತಿ ಅಕ್ಕನ ಬಾಯಿ ಮುಚ್ಸು. ಚರ್ಚಲ್ಲಿ ಅವಳ ಮೇಳ ಹಾಡಿದ್ರೆ ನನ್ ಫ್ಯಾನ್ ನಂಗೇ ಕೇಳ್ಸಲ್ಲ."

ಈ ಮಾತು ಸಂಜೆಯೊಳಗೆ ಗುನ್ವೋರಳ ಕಿವಿಗೆ ಬಿತ್ತು. ಅವಳು ಯೋರುನ್‌ಳ ಅಕ್ಕ, ಚರ್ಚಿನ ಹಾಡುಮೇಳದ ಮುಖ್ಯಸ್ಥೆ. ಕ್ರಿಸ್‌ಮಸ್ಸಿಗೆ ಹನ್ನೊಂದು ಹೆಂಗಸರನ್ನು ತಯಾರು ಮಾಡುತ್ತಿದ್ದಳು. ಅವಳು ನೇರ ನನ್ನ ಅಂಗಡಿಗೆ ಬಂದಳು, ಏಕೆಂದರೆ ಅಷ್ಟರಲ್ಲಿ ಓಡ್ವಾರ್ ಆ ಚಿತ್ರವನ್ನು ದೊಡ್ಡದು ಮಾಡಿಸಿ ನನ್ನ ಸೂಚನಾ ಫಲಕಕ್ಕೆ ಅಂಟಿಸಿದ್ದ. ಯಾರ ಗದ್ದಲ ಎಲ್ಲಿ ಬಿದ್ದಿದೆ ಎಂದು ಊರಿನವರೇ ನೋಡಿ ತೀರ್ಮಾನಿಸಲಿ ಎಂಬುದು ಅವನ ನ್ಯಾಯ.

ಅಂಗಡಿಯಲ್ಲಿ ಅಂಥ ವ್ಯಾಪಾರ ನಾನು ಹಿಂದೆಂದೂ ಕಂಡಿರಲಿಲ್ಲ. ಉಪ್ಪಿಗೆಂದು ಬಂದವರು ಭೂತಗನ್ನಡಿ ಕೊಂಡು ಹೋದರು.

"ಈ ನೀಲಿ ಚುಕ್ಕೆಗಳು ಫ್ಯಾನಿಂದು," ಎಂದಳು ಗುನ್ವೋರ್.

"ನೀಲಿ ಎಲ್ಲಾ ಮೇಲೆ ಮೇಲೆ ಇದೆಯಲ್ಲಮ್ಮ," ಎಂದ ಸ್ಟುರ್ಲಾ. "ಫ್ಯಾನಿನ ದನಿ ಕೆಳಗಿಂದು. ಮೇಲಿಂದು ನಿಮ್ಮ ಮೇಳದ್ದೇ."

"ನಮ್ ಮೇಳ ಆಕಾಶಕ್ಕೆ ಮುಟ್ಟತ್ತೆ ಅಂತ ನೀನೇ ಒಪ್ಕೊಂಡ್ಹಾಗಾಯ್ತು!"

ಅವರಿಬ್ಬರೂ ಆಮೇಲೆ ಒಂದು ವಾರ ಮಾತಾಡಲಿಲ್ಲ. ಅದರಿಂದ ಊರಿನ ಗದ್ದಲ ಸ್ವಲ್ಪ ಇಳಿಯಿತೆಂದು ಓಡ್ವಾರ್ ಸಂತೋಷಪಟ್ಟ.

ಅಲುಗಾಟದ ಕಾಯಿಲೆಗೆ ಅವನು ಬೇರೆ ಮದ್ದು ಮಾಡಿದ. ಸ್ಟ್ಯಾಂಡಿನ ನಡುವೆ ಒಂದು ಮೂಟೆ ಆಲೂಗೆಡ್ಡೆ ತೂಗುಹಾಕಿದ, ಮೂರು ಕಾಲುಗಳಿಗೂ ಬಲೆಯ ಸೀಸದ ಗುಂಡು ಕಟ್ಟಿದ. ಗುಂಡಿ ಒತ್ತಿ ಉಸಿರು ಬಿಗಿಹಿಡಿದು ನಿಂತ. ಅರ್ಧ ನಿಮಿಷ ಉಸಿರು ಬಿಗಿಹಿಡಿದವನು ಕೊನೆಯಲ್ಲಿ ಬಿಡುವ ಉಸಿರಿಗೆ ಆಲೂಗೆಡ್ಡೆಯೇ ತೂಗಾಡಿತು. ಒಂದು ಸಂಜೆ ಆಕಾಶದಲ್ಲಿ ಧ್ರುವಪ್ರಭೆಯ ಹಸಿರು ಬೆಳಕು ಕುಣಿಯಿತು; ಅದನ್ನು ನೋಡಲು ಜರ್ಮನಿಯಿಂದ ಬಂದ ಇಬ್ಬರು ಕೈಮುಗಿದು ನಿಂತರೆ ಇವನು, "ಥೂ, ಇದೊಂದು ಅಡ್ಡ ಬಂತು," ಎಂದು ಮುಚ್ಚಳ ಹಾಕಿಕೊಂಡು ಒಳಗೆ ಹೋದ. ಹತ್ತು ಚಿತ್ರ ಕಳಿಸಿದ. ಹತ್ತಕ್ಕೂ ಯೋರುನ್‌ಳಿಂದ ಒಂದೇ ಉತ್ತರ: "ಗದ್ದಲ ಹಾಗೇ ಇದೆ."

ಕೊನೆಗೆ ಅವನು ಪಟ್ಟಣದ ಪುರಸಭೆಗೆ ಅರ್ಜಿ ಹಾಕಿದ. ಶಬ್ದ ಮಾಲಿನ್ಯದ ಅಧಿಕಾರಿ ತ್ರಿಗ್ವೆ ಎಂಬವನು ಹೆಗಲಿಗೆ ಯಂತ್ರ ಹಾಕಿಕೊಂಡು ಫೆರಿಯಿಂದ ಇಳಿದ. ಎರಡು ದಿನ ನಮ್ಮೂರಿನ ಮೂಲೆಮೂಲೆಯಲ್ಲಿ ಯಂತ್ರ ಹಿಡಿದು ನಿಂತ. ಬೋರ್ಗಿಲ್ ಅಜ್ಜಿ ಕ್ಯಾಪ್ಟನ್‌ನ ಕೂದಲು ಬಾಚಿ ಎದುರಿಗೆ ತಂದು ಕೂರಿಸಿದಳು. ನಾಯಿ ಸರ್ಕಾರಕ್ಕೆ ಹೆದರಿ ಬಾಯಿಯೇ ಬಿಡಲಿಲ್ಲ. ಮೂರನೆಯ ದಿನ ತ್ರಿಗ್ವೆ ನನ್ನ ಅಂಗಡಿಯಲ್ಲಿ ವರದಿ ಓದಿದ.

"ಹೆಲ್ವಿಕ್ ಗ್ರಾಮದಲ್ಲಿ ಮಿತಿ ಮೀರಿದ ಶಬ್ದ ಒಂದೇ ಒಂದು ದಾಖಲಾಗಿದೆ. ಸೋಮವಾರ ಸಂಜೆ ಐದು ನಲವತ್ತಕ್ಕೆ. 'ಎಲ್ಲರೂ ಸುಮ್ನಿರ್ರೋ!' ಅನ್ನೋ ಕೂಗು. ಕೂಗಿದವರು ಅರ್ಜಿದಾರರು."

ಜನ ನಕ್ಕರು. ಓಡ್ವಾರ್ ನಗಲಿಲ್ಲ. ಚಿತ್ರವನ್ನು ಅಧಿಕಾರಿಯ ಮೂಗಿನ ಹತ್ತಿರ ಹಿಡಿದು, "ಹಾಗಾದ್ರೆ ಇದೇನು ಸ್ವಾಮಿ?" ಎಂದ.

ತ್ರಿಗ್ವೆ ಬಹಳ ಹೊತ್ತು ನೋಡಿದ. ತಿಳಿಯದು ಎನ್ನಲು ಸರ್ಕಾರಿ ಕೆಲಸದವನ ನಾಲಿಗೆ ಹೊರಳುವುದಿಲ್ಲ. "ಇದು ನಮ್ಮ ಇಲಾಖೆ ವ್ಯಾಪ್ತಿಗೆ ಬರದ ಗದ್ದಲ," ಎಂದು ಹೇಳಿ ಮೊದಲ ಫೆರಿ ಹತ್ತಿದ.

ಎಲ್ಲರೂ ಹೋದ ಮೇಲೆ ಓಡ್ವಾರ್ ಹಿಟ್ಟಿನ ಚೀಲದ ಮೇಲೆ ಕುಳಿತ. ಗುನ್ವೋರ್ ಮಾತ್ರ ಬಾಗಿಲಲ್ಲಿ ನಿಂತಿದ್ದಳು.

"ನಿಂಗೇನ್ ಬಂದಿದೆಯೋ ರೋಗ?" ಎಂದಳು. "ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ಲಾ? ಒಂದು ಫೋಟೋಗೆ ಊರನ್ನೇ ಎರಡು ಪಾಲು ಮಾಡಿದೀಯಲ್ಲ."

"ಅವಳನ್ನ ಇನ್ನೊಂದು ವರ್ಷ ಇರು ಅಂತ ಕೇಳಿದಾರಂತೆ ಅಕ್ಕ," ಎಂದ ಅವನು. ಹಾಗೆ ಮೆತ್ತಗೆ ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. "ಶುಕ್ರವಾರದೊಳಗೆ ಹೇಳಬೇಕಂತೆ. 'ಹೇಳೋಕ್ ಮುಂಚೆ ಹೂರ್ನೆ ಒಂದು ಸಲ ಸರಿಯಾಗಿ ನೋಡಬೇಕು' ಅಂತ ಬರ್ದಿದಾಳೆ. ಬೆಟ್ಟ ಸರಿಯಾಗಿ ಕಂಡ್ರೆ ಬರ್ತಾಳೆ. ಹಿಂಗೇ ಮರಳು ಮರಳಾಗಿ ಕಂಡ್ರೆ ಯಾಕ್ ಬರ್ತಾಳೆ?"

ಗುನ್ವೋರ್ ಅಂಗಡಿಯೊಳಗೆ ಬಂದು ಅವನ ಪಕ್ಕದ ಚೀಲದ ಮೇಲೆ ಕುಳಿತಳು.

"ಯಾರಿಗೂ ಹೇಳ್ಬೇಡಿ," ಎಂದು ಓಡ್ವಾರ್ ಬೇಡಿಕೊಂಡ. ನಾನು ಮಾತು ಕೊಟ್ಟೆ. ಸಂಜೆಯೊಳಗೆ ನಾನು ಹೇಳಿದ್ದು ನಾಲ್ಕೇ ಜನಕ್ಕೆ. ಉಳಿದ ಐವತ್ತೈದು ಜನಕ್ಕೆ ಅವರೇ ಹೇಳಿಕೊಂಡರು.

ಯೋರುನ್‌ಳ ಕೈಯ ಮೀನಿನ ಕಡುಬು ತಿಂದು ಬೆಳೆಯದವರು ನಮ್ಮೂರಿನ ಮೂವತ್ತರ ಒಳಗಿನವರಲ್ಲಿ ಯಾರೂ ಇಲ್ಲ. ಅಜ್ಜಿಯ ಕಣ್ಣಿನ ಆಪರೇಷನ್ ಆದಾಗ ತಿಂಗಳುಗಟ್ಟಲೆ ಪತ್ರಿಕೆ ಓದಿ ಹೇಳಿದವಳು ಅವಳು. ಸ್ಟುರ್ಲಾನ ಹೆಂಡತಿ ಸತ್ತ ವರ್ಷ ಅವನ ಮನೆಗೆ ಕೇಳದೆಯೇ ಊಟ ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಅಂಗಡಿಗೆ ಮೊದಲು ಬಂದವನೇ ಸ್ಟುರ್ಲಾ.

"ಗುರುವಾರ ಸಂಜೆ ಆರೂವರೆಯಿಂದ ಏಳು," ಎಂದ, ಯಾರ ಮುಖವನ್ನೂ ನೋಡದೆ. "ಅರ್ಧ ಗಂಟೆ ಫ್ಯಾನ್ ನಿಲ್ಸಿದ್ರೆ ಮೀನೇನೂ ಸಾಯಲ್ಲ. ಹೇಗೂ ಸತ್ತಿರತ್ತೆ."

ಗುನ್ವೋರ್ ಮೇಳದ ಅಭ್ಯಾಸ ನಿಲ್ಲಿಸಿದಳು. ಅಜ್ಜಿ ಕ್ಯಾಪ್ಟನ್‌ನನ್ನು ಒಂದು ಮೂಳೆಯ ಜೊತೆ ನೆಲಮಾಳಿಗೆಗೆ ಇಳಿಸಿದಳು. ಫೆರಿಯ ನಾಯಕ ಸಿಳ್ಳೆ ಹಾಕುವುದಿಲ್ಲ ಎಂದ. ದೀಪದ ಬೆಳಕಿಗೂ ಸದ್ದಿರುತ್ತದೆ, ಟ್ಯೂಬ್‌ಲೈಟು ಗೊಂಯ್ ಎನ್ನುವುದಿಲ್ಲವೇ ಎಂದು ಯಾರೋ ವಾದಿಸಿದ್ದರಿಂದ ದೀಪಗಳನ್ನೂ ಆರಿಸುವುದೆಂದು ಠರಾವಾಯಿತು.

ಗುರುವಾರ ಆರೂವರೆಗೆ ಫ್ಯಾನು ನಿಂತಿತು. ಅದು ನಿಂತ ಮೇಲೆ ತಿಳಿಯಿತು, ನಾವು ಇಷ್ಟು ವರ್ಷ ಅದರೊಳಗೇ ಮಾತಾಡುತ್ತಿದ್ದೆವು ಎಂದು. ದೀಪಗಳು ಒಂದೊಂದಾಗಿ ಆರಿದವು. ಅರ್ಧ ಚಂದ್ರ ಕೊಲ್ಲಿಯ ನೀರಿನ ಮೇಲಿದ್ದ, ಹೂರ್ನೆಯ ಹಿಮ ಬೆಳ್ಳಗೆ ಹೊಳೆಯಿತು. ಮನೆಯೊಳಗೆ ಇರಬೇಕೆಂದು ಠರಾವಿದ್ದರೂ ಯಾರೂ ಒಳಗಿರಲಿಲ್ಲ. ಕೊಲ್ಲಿಯ ಸುತ್ತ ಅವರವರ ಮೆಟ್ಟಿಲ ಮೇಲೆ ಅರವತ್ತೆರಡು ಜನ ಬಾಯಿ ಮುಚ್ಚಿ ನಿಂತಿದ್ದೆವು. ಓಡ್ವಾರ್ ತನ್ನ ಮನೆಯ ಮುಂದೆ ಆಲೂಗೆಡ್ಡೆ ಮೂಟೆಯ ಪಕ್ಕ ನಿಂತು ಒಂದರ ಹಿಂದೊಂದು ಚಿತ್ರ ತೆಗೆಯುತ್ತಿದ್ದ.

ಒಂಬತ್ತನೆಯ ಚಿತ್ರ ನಡೆಯುತ್ತಿದ್ದಾಗ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಅರ್ಧ ಕಿವಿಯವನ ಫೋನು ಎಷ್ಟು ಜೋರಿರುತ್ತದೆಯೋ ಅಷ್ಟು ಜೋರಿತ್ತು. ಮಾತೂ ಹಾಗೆಯೇ, ಅವನು ಫೋನನ್ನು ಕಿವಿಗೆ ಇಡುತ್ತಲೇ ಇರಲಿಲ್ಲ, ಎದುರಿಗೆ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಬಿಡುತ್ತಿದ್ದ. ಯೋರುನ್‌ಳ ದನಿ ನೀರಿನ ಮೇಲೆ ಜಾರಿ ಕೊಲ್ಲಿಯನ್ನೆಲ್ಲ ಸುತ್ತಿತು.

"ಓಡ್ವಾರ್? ಏನಾಯ್ತು? ಯಾಕಿಷ್ಟು ಮೌನ? ಫ್ಯಾನ್ ಸದ್ದೇ ಇಲ್ಲ, ನಾಯಿ ಇಲ್ಲ. ಯಾರಾದ್ರೂ ಹೋಗ್ಬಿಟ್ರಾ?"

"ಯಾರೂ ಹೋಗಿಲ್ಲ! ಗದ್ದಲ ನಿಲ್ಸಿದೀನಿ. ನೀನೇ ಹೇಳಿದ್ಯಲ್ಲ, ಫೋಟೋಲಿ ಗದ್ದಲ ಅಂತ. ಊರೆಲ್ಲಾ ಬಂದ್ ಮಾಡ್ಸಿದೀನಿ!"

ಆ ಕಡೆಯಿಂದ ಬಂದ ನಗು ನಿಲ್ಲಲೇ ಇಲ್ಲ. ನಗುತ್ತಲೇ ಅವಳು ಗದ್ದಲ ಎಂದರೇನು ಎಂದು ವಿವರಿಸಿದಳು. ಚುಕ್ಕೆಗಳು ಕ್ಯಾಮೆರಾದವೇ, ನಾಯಿಯದಲ್ಲ. ಅಜ್ಜಿಯ ಮೆಟ್ಟಿಲ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು.

"ಆ ಅಂಕಿ ಗುಂಡಿ ಎಷ್ಟರಲ್ಲಿಟ್ಟಿದೀಯ?"

"ಎಲ್ಲಕ್ಕಿಂತ ಮೇಲಿಂದರಲ್ಲಿ!"

"ಅಯ್ಯೋ ನಿನ್ನ! ನಾನೂರಕ್ಕೆ ಇಳಿಸು. ಬೆಳಕು ಸಾಲದ್ದಕ್ಕೆ ಕಣ್ಣು ಹೆಚ್ಚು ಹೊತ್ತು ತೆಗೆದಿಡು, ಎರಡು ನಿಮಿಷ. ದೂರ ಹತ್ತಿರ ನೋಡ್ಕೊಳ್ಳೋ ಕೆಲಸ ಕ್ಯಾಮೆರಾಗೆ ಬಿಡ್ಬೇಡ, ಕತ್ತಲಲ್ಲಿ ಅದು ಕುರುಡು. ಬೆಟ್ಟದ ಮೇಲಿನ ಒಂದು ನಕ್ಷತ್ರ ದೊಡ್ಡದು ಮಾಡಿ ನೋಡಿ, ಸೂಜಿ ಮೊನೆ ಹಾಗಾಗೋವರೆಗೂ ಕೈಯಲ್ಲೇ ತಿರುಗ್ಸು. ಗುಂಡಿ ಒತ್ತಿದ ಕೂಡ್ಲೇ ಅಲ್ಲ, ಸ್ವಲ್ಪ ತಡೆದು ತೆಗೆಯೋ ಹಾಗೆ ಇಡು, ನಿನ್ನ ಬೆರಳಿನ ನಡುಕ ಅಷ್ಟರಲ್ಲಿ ಅಡಗತ್ತೆ. ಆಮೇಲೆ ಮುಚ್ಚಳ ಹಾಕಿ ಅಷ್ಟೇ ಹೊತ್ತು ಇನ್ನೊಂದು ತೆಗಿ. ಅದರಲ್ಲಿ ಬರೋದೆಲ್ಲಾ ಕ್ಯಾಮೆರಾದ್ದೇ ಚುಕ್ಕೆ. ಅದನ್ನ ಇದರಿಂದ ಕಳೆದ್ರಾಯ್ತು, ಇಲ್ಲಿಯ ರಿಪೇರಿ ಹುಡುಗ ಕಳೆದು ಕೊಡ್ತಾನೆ."

ಓಡ್ವಾರ್ ಹೇಳಿದ ಹಾಗೆ ಮಾಡುತ್ತಾ ಹೋದ. ಈಗ ಊರಿನವರು ಧಾರಾಳವಾಗಿ ಸದ್ದು ಮಾಡಬಹುದಿತ್ತು. ಯಾರೂ ಮಾಡಲಿಲ್ಲ. ಬೇರೆಯವರ ಮನೆಯ ಮಾತು ಇಷ್ಟು ಸ್ಪಷ್ಟವಾಗಿ ಕೇಳುವ ಅವಕಾಶವನ್ನು ಕೈಬಿಡುವಷ್ಟು ದಡ್ಡರು ನಮ್ಮಲ್ಲಿ ಇಲ್ಲ.

"ಒತ್ತಿದೆ," ಎಂದ. "ಎರಡು ನಿಮಿಷ ಶುರುವಾಯ್ತು."

"ಸರಿ," ಎಂದಳು. ನಗು ಮುಗಿದಿತ್ತು. "ಇಲ್ಲಿ ಎಲ್ಲಾ ಚೆನ್ನಾಗಿದೆ ಓಡ್ವಾರ್. ಒಳ್ಳೆ ಜನ. ಅಡುಗೆನ ಹೊಗಳ್ತಾರೆ. ಇನ್ನೊಂದು ವರ್ಷ ಇರಿ ಅಂತಾರೆ. ನೀನು ಒಂದು ಸಲನಾದ್ರೂ ಬೇಡ ಅಂದ್ಯಾ? ಹಡಗು ಹತ್ತೋವಾಗ ಹೋಗು ಹೋಗು ಅಂತ ಊರಿಗೆಲ್ಲಾ ಕೇಳೋ ಹಾಗೆ ಕೂಗಿದೆ. ಮೂವತ್ತೊಂದು ವರ್ಷ ಜೊತೆಲಿದ್ದವಳು ಹೋಗ್ತಿದ್ರೆ ಹಾಸಿಗೆ ಸಿಕ್ಕಿತು ಅಂದೆ."

ಓಡ್ವಾರ್ ನಡೆಯತೊಡಗಿದ. ಮೆಟ್ಟಿಲಿನ ಮುಂದೆ, ಕಣ್ಣು ತೆರೆದಿದ್ದ ಕ್ಯಾಮೆರಾದ ಎದುರಿಗೇ, ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಫೋನಿನ ಬೆಳಕನ್ನು ಮುಖದ ಮುಂದೆ ಹಿಡಿದುಕೊಂಡು.

"ಅದು ನಾನು ಒಳ್ಳೆಯವನು ಅಂತ ಅನ್ನಿಸ್ಕೊಳ್ಳೋಕೆ ಹೇಳಿದ್ದು," ಎಂದು ಕೂಗಿದ. "ಹಾಸಿಗೆಲಿ ನಾನು ನನ್ನ ಅರ್ಧದಲ್ಲೇ ಮಲಗ್ತಿದೀನಿ ಯೋರುನ್. ನಿನ್ನ ಅರ್ಧಕ್ಕೆ ಒಂದು ದಿನವೂ ಹೋಗಿಲ್ಲ. ನಿದ್ದೆಲೂ ಹೋಗಲ್ಲ. ಬೆಳಿಗ್ಗೆ ಎದ್ದು ನಿನ್ನ ಚಹಾಗೆ ನೀರು ಹಾಕ್ತೀನಿ, ಮೂಸಿ ನೋಡ್ತೀನಿ, ಚೆಲ್ತೀನಿ. ಫೆರಿಲಿ ಜನ ಇಳಿಯೋವಾಗ ಅವರ ಹಿಂದೆ ನೀನಿದೀಯಾ ಅಂತ ದಿನಾ ನೋಡ್ತೀನಿ, ಇರಲ್ಲ ಅಂತ ಗೊತ್ತಿದ್ರೂ. ಬೆಟ್ಟ ಚೆನ್ನಾಗಿ ಬರಲಿ ಬಿಡಲಿ, ನೀನು ಬಂದ್ಬಿಡು."

ಊರಿಗೆ ಊರೇ ಉಸಿರು ಹಿಡಿದಿತ್ತು. ಆ ಮೌನದಲ್ಲಿ ಬೋರ್ಗಿಲ್ ಅಜ್ಜಿ ಮೂಗು ಸೀಟಿದಳು.

"ಯಾರದು?" ಎಂದಳು ಯೋರುನ್.

"ಯಾರೂ ಇಲ್ಲ!"

"ಅಜ್ಜಿ ಮೂಗು ನಂಗೆ ಗೊತ್ತಾಗಲ್ವಾ? ಓಡ್ವಾರ್, ಯಾರ್‌ಯಾರು ಇದಾರೆ ಅಲ್ಲಿ?"

"ಎಲ್ಲರೂ ಇದೀವಿ ಕಣಮ್ಮ," ಎಂದ ಸ್ಟುರ್ಲಾ ಕತ್ತಲಿನಿಂದ. "ನೀವು ಮುಂದುವರ್ಸಿ."

"ಬಂದ್ಬಿಡೇ ಯೋರುನ್," ಎಂದು ಗುನ್ವೋರ್ ಕೊಲ್ಲಿಯ ಆ ಬದಿಯಿಂದ ಕೂಗಿದಳು. ಹನ್ನೊಂದು ಹೆಂಗಸರನ್ನು ಹಾಡಿಸುವ ಅವಳ ದನಿ ಆ ಒಂದು ಮಾತಿಗೆ ಒಡೆದುಹೋಯಿತು.

ಅಷ್ಟರಲ್ಲಿ ದ್ವೀಪದ ಗಾಳಿ ಮನಸ್ಸು ಬದಲಿಸಿತು, ಫೋನು ಕಡಿಯಿತು. ಓಡ್ವಾರ್ ಅದನ್ನು ಜೇಬಿಗಿಟ್ಟ. ಆಮೇಲೆ ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಕತ್ತಲೆಯ ಚಿತ್ರವನ್ನೂ ಎರಡು ನಿಮಿಷ ತೆಗೆದ. ಅವಳು ಹೇಳಿದ್ದಳಲ್ಲ.

ಎರಡನ್ನೂ ಅಂದೇ ಕಳಿಸಿದ. ಶುಕ್ರವಾರ ಸಂಜೆ ಉತ್ತರ ಬಂತು. ಅದನ್ನು ಅಂಗಡಿಯಲ್ಲಿ ಎಲ್ಲರೆದುರಿಗೆ ಓದಿದ. "ಅವರಿಗೆ ಆಗಲ್ಲ ಅಂತ ಹೇಳಿದೆ. ಏಪ್ರಿಲ್ ಹತ್ತೊಂಬತ್ತಕ್ಕೆ ಹಡಗು." ಏಪ್ರಿಲ್ ಇನ್ನೂ ಬಹಳ ದೂರವಿತ್ತು. ಓಡ್ವಾರ್ ಒಂದು ಪೊಟ್ಟಣ ಚಹಾ ಕೊಂಡುಕೊಂಡು ಹೋದ.

ಆ ಚಿತ್ರವನ್ನು ಯೋರುನ್ ಠಾಣೆಯ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದಳಂತೆ. ಹೂರ್ನೆಯ ಒಂದೊಂದು ಬಿರುಕೂ ಎಣಿಸುವ ಹಾಗೆ ಬಂದಿತ್ತು, ಒಂದು ಚುಕ್ಕೆ ಗದ್ದಲವಿರಲಿಲ್ಲ. ಕೆಳಗೆ ಮೆಟ್ಟಿಲಿನ ಮುಂದೆ ಮಾತ್ರ, ಆ ಕಡೆಯಿಂದ ಈ ಕಡೆಗೆ, ಬೆಳ್ಳಗೆ ಏನೋ ಒಂದು ಹರಡಿಕೊಂಡಿತ್ತು. ಊಟಕ್ಕೆ ಬರುವ ಹವಾಮಾನದವರು ತಟ್ಟೆ ಹಿಡಿದು ಅದರ ಮುಂದೆ ನಿಂತು, ಇದು ನೆಲಮಂಜೋ ಅಥವಾ ಗಾಳಿಗೆದ್ದ ಹಿಮವೋ ಎಂದು ತಮ್ಮ ತಮ್ಮಲ್ಲೇ ವಾದ ಮಾಡುತ್ತಿದ್ದರು. ಯೋರುನ್ ಸಾರು ಬಡಿಸುತ್ತಾ, "ಮಂಜೂ ಅಲ್ಲ, ಹಿಮವೂ ಅಲ್ಲ. ಅದು ನನ್ನ ಗಂಡ," ಎನ್ನುತ್ತಿದ್ದಳಂತೆ.